ಮೂರನೆಯ ‘ಬೇಡ’

ಮೇ 13, ಸೋಮವಾರ

ಆರಕ್ಕೆ ಮೈಕು. ಮೈದಾನದಲ್ಲಿ ಎರಡು ಸಾವಿರ ಮಕ್ಕಳ ಓಟ. ಥರ್ಮಾಸಿಗೆ ಬಿಸಿನೀರು, ಕ್ಯಾಂಟೀನಿನ ಖಾರದ ಅಕ್ಕಿ ನೂಡಲ್ಸು, ಎಂಟಕ್ಕೆ ಐವತ್ತಾರು ಮಕ್ಕಳ ಇಂಗ್ಲಿಷ್ ಕ್ಲಾಸು. ಆರು ವರ್ಷದಿಂದ ಇದೇ. ಹಿಂದಿನ ಬೆಂಚಿನ ಹುಡುಗಿಯರು ಇವತ್ತೂ ನನ್ನ ತಲೆತುಂಬ ಇರುವ ಸಣ್ಣ ಜಡೆಗಳನ್ನು ಎಣಿಸಿದರು. ನಲವತ್ತೊಂದಂತೆ. ಹೋದ ವಾರ ಮೂವತ್ತೆಂಟು ಅಂದಿದ್ದರು.

ಪೀರಿಯಡ್ ಮುಗಿದ ಮೇಲೆ ಪೆಂಗ್ ಯೂಲಾನ್ ಬಂದಳು. ಹೊರದೇಶದ ಟೀಚರ್‌ಗಳ ವೀಸಾ, ಗೀಸರ್, ಜ್ವರ — ಎಲ್ಲ ಅವಳ ತಲೆ ಮೇಲೆ. ಈಗ ಉಳಿದಿರುವುದು ನಾನೊಬ್ಬಳೇ.

“ಜೋ ಅಕ್ಕ, ಹೊಸ ಕಾಂಟ್ರ್ಯಾಕ್ಟು. ಈ ಸಲ ಎರಡು ವರ್ಷಕ್ಕೆ.”

“ಬೇಡ ಯೂಲಾನ್. ಜುಲೈನಲ್ಲಿ ಊರಿಗೆ ಹೊರಟೆ. ಮತ್ತೆ ಬರಲ್ಲ.”

ನಕ್ಕಳು. “ಆಯ್ತು, ಆಯ್ತು. ಒಂದಾಯ್ತು.” ಒಂದು ಬೆರಳು ಮಡಚಿಕೊಂಡೇ ಹೋದಳು.

ಮೇ 14

ತಪ್ಪು ನನ್ನದೇ. ಬಂದ ಹೊಸದರಲ್ಲಿ ಯಾರದೋ ಅಪ್ಪ ಒಂದು ಬುಟ್ಟಿ ಕಿತ್ತಳೆ ಕೊಟ್ಟರು. ಥ್ಯಾಂಕ್ಸ್ ಅಂದು ಇಸಿದುಕೊಂಡೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಪುಸ್ತಕದೊಳಗೆ ಮುಖ ಹುದುಗಿಸಿ ನಕ್ಕರು. ಆಮೇಲೆ ಯೂಲಾನ್ ಪಾಠ ಮಾಡಿದಳು — “ಎರಡು ಸಲ ಬೇಡ ಅನ್ಬೇಕು ಅಕ್ಕ. ಮೂರನೇ ಸಲವೂ ಒಂಚೂರು ಬೇಡ ಅಂದು, ಆಮೇಲೆ ಕೈ ಚಾಚ್ಬೇಕು. ಕೊಟ್ಟೋರಿಗೂ ಮರ್ಯಾದೆ, ತಗೊಂಡೋರಿಗೂ ಮರ್ಯಾದೆ.”

ಕಲಿತೆ. ಎಷ್ಟು ಚೆನ್ನಾಗಿ ಅಂದರೆ ಆಮೇಲೆ ಬಂದ ಹೊರದೇಶದ ಟೀಚರ್‌ಗಳಿಗೆ ನನ್ನನ್ನೇ ಮಾದರಿ ಅಂತ ತೋರಿಸುತ್ತಿದ್ದರು. ಕಾಂಟ್ರ್ಯಾಕ್ಟಿಗೂ ಪ್ರತಿ ಮೇ ತಿಂಗಳು ಮೂರು ಸಲ ಬೇಡ ಅಂದು, ನಾಲ್ಕನೇ ಸಲ ಸಹಿ ಹಾಕಿದ್ದೇನೆ. ಒಂದು ವರ್ಷ ಎ.ಸಿ. ಬಂತು. ಒಂದು ವರ್ಷ ಹೊಸ ಮಂಚ. ಆಟ ಮಜವಾಗಿತ್ತು... ಈಗ ನಿಜವಾದ ‘ಬೇಡ’ವನ್ನು ಯಾವ ಬಾಯಲ್ಲಿ ಹೇಳಲಿ?

ಮೇ 19, ಭಾನುವಾರ

ಮಗಳು ಅವುಯಿಲೆಗೆ ಫೋನ್. ಊರಲ್ಲಿ ಬಿಟ್ಟು ಬಂದಾಗ ಅವಳಿಗೆ ಏಳು ವರ್ಷ. ಈಗ ಹದಿಮೂರು. ಮೊದಲೆಲ್ಲ “ಯಾವಾಗ ಬರ್ತೀಯಾ” ಅಂತ ಪ್ರಾಣ ತಿನ್ನುತ್ತಿದ್ದಳು. ಈಗ ಕೇಳುವುದೇ ಇಲ್ಲ. ಪರೀಕ್ಷೆ, ಚರ್ಚಿನ ಕಾಯರ್, ಮಳೆ ಬಂತು — ಅಷ್ಟೇ. ಕೊನೆಗೆ, “ಇಡ್ತೀನಿ. ಅಮ್ಮ ಕರೀತಿದ್ದಾಳೆ.”

ಅಮ್ಮ ಅಂದರೆ ಅವಳನ್ನು ಸಾಕುತ್ತಿರುವ ನನ್ನ ತಂಗಿ ನಂದೀಫಾ.

ಬಾಯಿತಪ್ಪಿ ಬಂದ ಮಾತಲ್ಲ ಅದು. ರೂಢಿಯಾಗಿಬಿಟ್ಟಿದೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮುಖ ತೊಳೆದು ಟಿಕೆಟ್ ಮಾಡಿಸಿದೆ. ಜುಲೈ ಆರು. ನಂದೀಫಾಗೆ ಮಾತ್ರ ಹೇಳಿದೆ.

ಮೇ 22

ಹೆಡ್‌ಮಾಸ್ಟರ್ ಚಿಯೂ ಅವರ ಬಳಿಗೇ ಹೋದೆ. ಮೂರು ಸಲ ಟೀ ಬಗ್ಗಿಸಿದರು. ಒಳ್ಳೆಯ ಮನುಷ್ಯ, ಅದೇ ಕಷ್ಟ. ನನಗೆ ಅಪೆಂಡಿಕ್ಸ್ ಆದಾಗ ಆಸ್ಪತ್ರೆಗೆ ಗಂಜಿ ಹೊತ್ತು ತಂದವರು.

“ಮಗಳು ಕೈಬಿಟ್ಟು ಹೋಗ್ತಿದ್ದಾಳೆ ಸರ್. ನಾನು ಹೋಗಲೇಬೇಕು.”

“ನಿಜ, ನಿಜ. ತಾಯಿ ಕರುಳು. ಯೋಚನೆ ಮಾಡೋಣ ಮೇಡಂ.”

ಮೇ 23

ಬೆಳಿಗ್ಗೆ ಬಾಗಿಲು ತೆರೆದರೆ ಇಬ್ಬರು ಆಳುಗಳು, ಒಂದು ದೊಡ್ಡ ಓವನ್. ಯೂಲಾನ್ ಹಿಂದೆಯೇ ನಿಂತು ಎರಡು ಬೆರಳು ತೋರಿಸಿದಳು.

ಜೂನ್ 7

ಡ್ರ್ಯಾಗನ್ ದೋಣಿ ಹಬ್ಬ, ರಜೆ. ಯೂಲಾನ್ ಅತ್ತೆಯ ಕೈಯ ಅಂಟಕ್ಕಿ ಕಡುಬು ತಂದಳು, ಎಲೆಯಲ್ಲಿ ಕಟ್ಟಿದ್ದು. ಕೈ ಹಿಡಿದು ಕೂರಿಸಿಕೊಂಡು ಹೇಳಿದೆ. ಮರ್ಯಾದೆಯ ‘ಬೇಡ’ ಅಲ್ಲ, ಯೂಲಾನ್. ಟಿಕೆಟ್ ಇದೆ. ಫೋನಿನಲ್ಲಿ ತೋರಿಸಿದೆ ಕೂಡ.

ಕಡುಬಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆತ್ತಗೆ, “ಫಿಂಟನ್ ಥರ ಮಾಡಲ್ಲ ಅಲ್ವಾ?”

ಫಿಂಟನ್ ನಮ್ಮ ಐರಿಷ್ ಟೀಚರು. ಫೆಬ್ರವರಿಯಲ್ಲಿ ಮೇಜಿನ ಮೇಲೆ ಕೀ ಇಟ್ಟು, ಹೇಳದೆ ಕೇಳದೆ ಪರಾರಿ. ಯೂಲಾನ್ ತಪ್ಪೊಪ್ಪಿಗೆ ಬರೆದು ಸ್ಟಾಫಿನೆದುರು ಓದಬೇಕಾಯಿತು. 

“ಹೇಳಿಯೇ ಹೋಗ್ತಿದ್ದೀನಲ್ಲ.”

“ಜುಲೈಲಿ ಹೋಗಿ, ಮಗಳನ್ನ ನೋಡ್ಕೊಂಡು ಸೆಪ್ಟೆಂಬರ್‌ಗೆ ಬನ್ನಿ. ಎಲ್ರೂ ರಜಕ್ಕೆ ಹೋಗ್ತಾರಪ್ಪ!” ಮುಖ ಅರಳಿತು. ಇನ್ನೊಂದು ಕಡುಬು ಬಿಚ್ಚಿ ನನ್ನ ತಟ್ಟೆಗೆ ಹಾಕಿದಳು. ತಿಂದೆ.

ಜೂನ್ 17

ಯೂಲಾನ್ ಪಾಸ್‌ಪೋರ್ಟ್ ಕೇಳಿದಳು. ಹೊರಡುವ ಕಾಗದಪತ್ರಕ್ಕೆ ಇರಬೇಕು. ಕೊಟ್ಟೆ. ಪ್ರತಿ ಜೂನ್ ಕೊಟ್ಟು ಅಭ್ಯಾಸ — ಕೇಳಲೂ ಇಲ್ಲ.

ಜೂನ್ 22, ಶನಿವಾರ, ಬೆಳಿಗ್ಗೆ

ನಿನ್ನೆ ಸಂಜೆಯ ಊಟ. ಬರೆಯಲೇಬೇಕು, ಇಲ್ಲವಾದರೆ ತಲೆ ಸಿಡಿಯುತ್ತದೆ. ಹೇಗೂ ಸಿಡಿಯುತ್ತಿದೆ.

ಮೂವತ್ತು ಮೇಜು. ಟೀಚರುಗಳು, ಪೋಷಕರು, ಶಿಕ್ಷಣ ಇಲಾಖೆಯವರು. ನನ್ನನ್ನು ಹೆಡ್‌ಮಾಸ್ಟರ್ ಪಕ್ಕದಲ್ಲಿ ಕೂರಿಸಿದರು. ಮೀನು ಬಂತು. ತಟ್ಟೆ ತಿರುಗಿಸಿ ಅದರ ತಲೆ ನನ್ನ ಕಡೆಗೆ ನಿಲ್ಲಿಸಿದರು — ದೊಡ್ಡ ಅತಿಥಿಗೆ ಮಾಡುವ ಗೌರವ. 

ಚಿಯೂ ಎದ್ದು ನಿಂತರು. “ನಮ್ಮ ಜೋ ಮೇಡಂ ಇನ್ನೂ ಎರಡು ವರ್ಷ ನಮ್ಮ ಜೊತೆ!” ಚಪ್ಪಾಳೆ.

ನಾನೂ ಎದ್ದೆ. “ಇಲ್ಲ ಸರ್. ನಾನು ಹೋಗ್ತಿದ್ದೀನಿ.”

“ಒಂದು!” ಅಂತ ಯಾರೋ ಕೂಗಿದರು. ನಗು.

“ನಿಜವಾಗ್ಲೂ ಹೋಗ್ತಿದ್ದೀನಿ.”

“ಎರಡು!” ಈ ಸಲ ಐದಾರು ಮೇಜು ಸೇರಿಕೊಂಡವು.

ಯೂಲಾನ್ ಎದುರಿಗಿದ್ದಳು. ಕಣ್ಣಲ್ಲಿ ನೀರು. ಖುಷಿಯೋ ಭಯವೋ ಗೊತ್ತಾಗಲಿಲ್ಲ. ಅವಳನ್ನೇ ನೋಡುತ್ತ ಅಂದೆ, “ದಯವಿಟ್ಟು... ನಂಗೆ ಬೇಡ.”

“ಮೂರು!” ಇಡೀ ಸಭೆಯೇ ಕೂಗಿತು. ಚಿಯೂ ತಮ್ಮ ಲೋಟದ ಮದ್ಯ ಗಟಗಟ ಕುಡಿದು, ಬರಿ ಲೋಟ ಬೋರಲು ಹಿಡಿದು ನನ್ನನ್ನೇ ನೋಡುತ್ತ ನಿಂತರು. ಮುನ್ನೂರು ಜನ ನೋಡುತ್ತಿದ್ದರು. ನಾನೂ ಕುಡಿದರೆ ಒಪ್ಪಿದ ಹಾಗೆ; ಕುಡಿಯದಿದ್ದರೆ ಆ ಮನುಷ್ಯ ಹಾಗೇ ನಿಂತಿರಬೇಕು.

ಕುಡಿದೆ. ಯಾರೂ ಬಲವಂತ ಮಾಡಲಿಲ್ಲ. ನನ್ನದೇ ಕೈ. ನನ್ನ ಮೇಲೆ ನನಗೇ ಅಸಹ್ಯ.

ಜೂನ್ 24

ಪಾಸ್‌ಪೋರ್ಟ್ ಕೇಳಿದೆ. ವೀಸಾ ಆಫೀಸಿನಲ್ಲಿದೆಯಂತೆ. ರಿನ್ಯೂವಲ್‌ಗೆ.

“ನಾನು ಸಹಿ ಹಾಕಿಲ್ವಲ್ಲೇ!”

“ಶಾಲೆ ಸೀಲ್ ಇದೆಯಲ್ಲ ಅಕ್ಕ. ನಿಮಗ್ಯಾಕೆ ತೊಂದ್ರೆ ಅಂತ... ಜುಲೈ ಹತ್ತಕ್ಕೆ ಬಂದ್ಬಿಡುತ್ತೆ.”

“ಟಿಕೆಟ್ ತೋರಿಸಿರ್ಲಿಲ್ವಾ? ನನ್ನ ಫ್ಲೈಟ್ ಆರಕ್ಕೆ. ರಜಕ್ಕಲ್ಲ, ಬಿಟ್ಟೇ ಹೋಗ್ತಿದ್ದೀನಿ!”

ಅವಳಿಗೆ ಆಗ ಅರ್ಥವಾಯಿತು. ನಿಜವಾಗಿ. ಮುಖ ಸುಣ್ಣದಂತಾಯಿತು. ವಾಪಸ್ ಪಡೆಯಬೇಕಾದರೆ ಹೆಡ್‌ಮಾಸ್ಟರ್ ಪತ್ರ ಬೇಕು — ಜೋ ಮೇಡಂ ಕೆಲಸ ಬಿಡುತ್ತಿದ್ದಾರೆ ಅಂತ. ಮುನ್ನೂರು ಜನರೆದುರು ಹೇಳಿದ್ದು ಸುಳ್ಳು ಅಂತ ಅವರೇ ಬರೆದು ಕೊಡಬೇಕು. ಸ್ಟಾಫಿನೆದುರು ಇನ್ನೊಂದು ತಪ್ಪೊಪ್ಪಿಗೆ ಓದುವವಳು ಯೂಲಾನ್.

“ಸರ್ ಹತ್ರ ನಾನೇ ಹೋಗ್ತೀನಿ,” ಅಂದಳು. ಹೋದಳು ಕೂಡ. ಪುಣ್ಯಾತ್ಗಿತ್ತಿ.

ಜೂನ್ 27

ಚಿಯೂ ಕರೆಸಿದರು. ಪತ್ರ ಸಿದ್ಧವಾಗಿರಬೇಕು ಅಂದುಕೊಂಡು ಮೆಟ್ಟಿಲು ಎರಡೆರಡು ಹತ್ತಿದೆ.

“ಯೂಲಾನ್ ಎಲ್ಲ ಹೇಳಿದ್ಳು. ನನ್ನದೇ ತಪ್ಪು ಮೇಡಂ. ನಿಮ್ಮ ಸಂಕಟ ನನಗೆ ತಿಳೀಲೇ ಇಲ್ಲ.” ಕೈ ಜೋಡಿಸಿದರು. “ಮಗಳನ್ನೇ ಇಲ್ಲಿಗೆ ಕರೆಸ್ಕೊಳ್ಳಿ! ಏಳನೇ ಕ್ಲಾಸಲ್ಲಿ ಸೀಟು, ನಿಮ್ಮ ಕ್ವಾರ್ಟರ್ಸಲ್ಲೇ ಇರ್ಲಿ. ನಮ್ಮ ಶಾಲೆಗೂ ಒಬ್ಬಳು ಹೊರದೇಶದ ವಿದ್ಯಾರ್ಥಿನಿ ಸಿಕ್ಕಿದ ಹಾಗಾಯ್ತು.”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಯೂಲಾನ್ ಅಂದಳು, “ನಿಮ್ಮ ಫೈಲಲ್ಲಿ ನಂಬರ್ ಇತ್ತಲ್ಲ, ನಂದೀಫಾ ಅವ್ರಿಗೆ ಫೋನ್ ಮಾಡಿದ್ದೆ ಅಕ್ಕ. ಮಗು ಒಂದೇ ಮಾತಿಗೆ ಹ್ಞೂಂ ಅಂದ್ಳು. ಕುಣಿದಾಡಿಬಿಟ್ಳು!”

ಕುಣಿದಾಡಿದಳು. ನನ್ನ ಅವುಯಿಲೆ. ಅಲ್ಲಿಯೇ ಕುರ್ಚಿ ಹಿಡಿದು ಕೂತೆ. ಎದೆ ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಈ ಊರು ನನಗೆ ಗೊತ್ತು. ಬಸ್ಸಿನಲ್ಲಿ ಅವಳ ತೋಳು ಉಜ್ಜಿ ನೋಡುತ್ತಾರೆ, ಕಪ್ಪು ಬಣ್ಣ ಹೋಗುತ್ತದೆಯೋ ಅಂತ. ಪ್ರತಿ ಸಮಾರಂಭಕ್ಕೂ ಸ್ಟೇಜ್ ಹತ್ತಿಸುತ್ತಾರೆ. ನಾನು ದೊಡ್ಡವಳು, ನಕ್ಕು ಸಹಿಸಿದೆ. ಅವಳಿಗೆ ಹದಿಮೂರು.

ಜುಲೈ 1

ಟಿಕೆಟ್ ರದ್ದು. ಅವುಯಿಲೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾಳೆ. “ಅಮ್ಮಾ, ಯಾವ ಶೂ ತರ್ಲಿ? ಅಮ್ಮಾ, ಅಲ್ಲಿ ಚಳಿನಾ?” ಆರು ವರ್ಷ ಕಾದ ‘ಅಮ್ಮಾ’. ಬರಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ನಾಳೆ ಹೇಳುತ್ತೇನೆ.

ಜುಲೈ 6, ಶನಿವಾರ. ಮಧ್ಯಾಹ್ನ 3

ಇಷ್ಟು ಹೊತ್ತಿಗೆ ವಿಮಾನದಲ್ಲಿರಬೇಕಿತ್ತು. ತರಕಾರಿ ತಂದು ವಾಪಸ್ ಬರುವಾಗ ಗೇಟಿನಲ್ಲಿ ಇಬ್ಬರು ಏಣಿ ಹಾಕಿಕೊಂಡು ಅಡ್ಮಿಷನ್‌ನ ಹೊಸ ಬ್ಯಾನರ್ ಕಟ್ಟುತ್ತಿದ್ದರು. ನನ್ನ ಮಗಳ ಮುಖ. ಎರಡಾಳು ಎತ್ತರ. ನಗುತ್ತಿದ್ದಾಳೆ. ಪೋಷಕರು ಆಗಲೇ ಕೆಳಗೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬಾಕೆ ಕೈ ಎತ್ತಿ ಅವಳ ಕೆನ್ನೆ ಸವರಿದಳು, ಬಟ್ಟೆಯ ಮೇಲೆಯೇ.

ರೂಮಿಗೆ ಓಡಿ ಬಂದು ಫೋನ್ ಮಾಡಿದೆ.

“ಅಮ್ಮಾ! ನನ್ನ ಫೋಟೋ ಹಾಕಿದ್ರಾ? ನಂಗೆ ಹೇಳ್ದೇನೇ ಚಿಕ್ಕಮ್ಮ ಕಳಿಸಿದ್ಳು. ಚೆನ್ನಾಗಿ ಬಂದಿದ್ಯಾ?”

ಚಿಕ್ಕಮ್ಮ ಅಂದಳು. ನಂದೀಫಾಗೆ ಈಗ ಚಿಕ್ಕಮ್ಮ.

ಚೆನ್ನಾಗಿ ಬಂದಿದೆ ಅಂದೆ. ಲೈನ್ ಹೋಯಿತು. ಈಗ ಮತ್ತೆ ಮಾಡುತ್ತಾಳೆ. ಈ ಸಲ ಬೇಡ ಅಂತ ಹೇಳಿಯೇ ಬಿಡಬೇಕು. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಮಾತು ತಪ್ಪಬಾರದು — ಅವುಯಿಲೆ, ಕಂದಾ, ನೀನು ಬರ—