ಹಸೆಯ ಪಕ್ಕದಲ್ಲಿ ಹಾಡಿದವಳು

ಮಾನ್ಯರೇ,

ನನಗೆ ಮದುವೆಯಾಯಿತು! ಆರು ತಿಂಗಳಾದರೂ ಸಿಕ್ಕಸಿಕ್ಕವರಿಗೆಲ್ಲ ಹೀಗೆ ಹೇಳುವ ಚಾಳಿ ನನಗಿನ್ನೂ ಬಿಟ್ಟಿಲ್ಲ, ಕ್ಷಮಿಸಿ. ಆದರೆ ಜಿಲ್ಲೆಯ ಹಾಡುಗಾರ್ತಿಯರ ದಾಖಲೆ ಸಿದ್ಧಪಡಿಸುತ್ತಿರುವ ಅಧಿಕಾರಿಗಳಾದ ನಿಮಗೆ ಈ ಸುದ್ದಿ ಗೊತ್ತಿರಲೇಬೇಕು. ನನ್ನ ಮದುವೆಯ ವಿಡಿಯೊವನ್ನು ನೀವು ಎರಡು ಸಲ ನೋಡಿ ಎರಡು ಸಲವೂ ತಿರಸ್ಕರಿಸಿದ್ದೀರಿ. ಅದರಲ್ಲಿ ಹಾಡಿದ ನಮ್ಮಜ್ಜಿ ಅಕ್ಕಯಮ್ಮನ ಹೆಸರಿನ ಜಾಗದಲ್ಲಿ ‘ತಿಳಿದಿಲ್ಲ’ ಎಂದು ಬರೆಯುವುದಾಗಿ ಕಳೆದ ವಾರ ತಿಳಿಸಿದ್ದೀರಿ. ಅದಕ್ಕಾಗಿ ಈ ಪತ್ರ. ನಿಮ್ಮ ಕಚೇರಿಗೆ ಬರೆದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಂಗಲಿಯ ಸುತ್ತ ಹತ್ತು ಹಳ್ಳಿಯ ಮದುವೆಗಳಲ್ಲಿ ಹೆಣ್ಣನ್ನು ಹಸೆಗೆ ಕರೆಯುವ ಹಾಡು ಎಂದರೆ ನಮ್ಮಜ್ಜಿಯದೇ. ಒಂದು ಸಾಲು ಕನ್ನಡ, ಮರುಸಾಲು ತೆಲುಗು. ಅದನ್ನು ಕಲಿತವರು ಬಹಳ ಮಂದಿ. ಯಾರಿಂದ ಕಲಿತೆವೆಂದು ಹೇಳಿದವರು ಕಡಿಮೆ. ಹಾಡುಗಳನ್ನು ಕಳುಹಿಸಿರೆಂಬ ನಿಮ್ಮ ಪ್ರಕಟಣೆಯನ್ನು ನಾನು ಓದಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: “ನಾನು ಹೇಳಿದ್ದು ಅಂತ ಬರೀತಾರೇನೇ?” ಬರೀತಾರೆ ಅಜ್ಜಿ ಎಂದೆ. ಸರ್ಕಾರದ ಪರವಾಗಿ ನಾನೇ ಮಾತು ಕೊಟ್ಟುಬಿಟ್ಟೆ, ನೋಡಿ.

ನಮ್ಮಜ್ಜಿ ಗಂಡನನ್ನು ಕಳೆದುಕೊಂಡು ಮೂವತ್ತು ವರ್ಷ. ಹಾಗಾಗಿ ಅವರು ಹಸೆಯ ಹತ್ತಿರ ಕೂರುವುದಿಲ್ಲ. ಮುತ್ತೈದೆಯರು ಆರತಿ ಹಿಡಿದು ಮುಂದೆ ನಿಂತರೆ ಅಜ್ಜಿ ಚಪ್ಪರದ ಕಂಬಕ್ಕೆ ಒರಗಿ ಹಾಡುತ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಇದು ಒಪ್ಪಿಗೆಯಾಗಲಿಲ್ಲ. ನನ್ನ ಪಕ್ಕದಲ್ಲೇ ಕೂರಬೇಕೆಂದು ಮದುಮಗಳ ಹಟ ಹಿಡಿದೆ. “ಲೇ ಅನಿತಾ, ಶುಭದ ಹೊತ್ತಲ್ಲಿ ನಾನ್ಯಾಕಮ್ಮಾ ಮಧ್ಯ? ಕಂಬದ ಪಕ್ಕ ಕುಂತ್ಕೊಂಡು ಹೇಳ್ತೀನಿ. ನಿನ್ ಕಿವಿಗೆ ಬಿದ್ರೆ ಸಾಲ್ದಾ?” ಎಂದರು. ನಾನು ಸೋತೆ. ಆದರೆ ವಿಡಿಯೊದವರನ್ನು ಕರೆದು, ಕಂಬದ ಹತ್ತಿರ ಕೂತಿರುವ ನಮ್ಮಜ್ಜಿ ಚಿತ್ರದಿಂದ ಒಂದು ಕ್ಷಣವೂ ಆಚೆ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಅವರು ಹೊಸದಾಗಿ ತಂದಿದ್ದ ಅಗಲ ಚಿತ್ರದ ಕ್ಯಾಮೆರಾ ಇಟ್ಟರು. ನಡುವೆ ನಾನು ಮತ್ತು ನನ್ನ ಚಂದ್ರಮೋಹನ್ (ಎಷ್ಟು ಚೆನ್ನಾಗಿ ಕಾಣುತ್ತಾರೆ ಅಂತೀರಿ!), ಎಡ ಅಂಚಿನಲ್ಲಿ ಕಂಬ, ಕಂಬದ ಬುಡದಲ್ಲಿ ಅಜ್ಜಿ.

ಆಮೇಲೆ ಬಂತು ನಿಮ್ಮ ನಿಯಮ. ಕಳುಹಿಸುವ ವಿಡಿಯೊ ಅಗಲದಲ್ಲಿ ಮುನ್ನೂರಿಪ್ಪತ್ತು ಚುಕ್ಕೆ (ಪಿಕ್ಸೆಲ್), ಎತ್ತರದಲ್ಲಿ ಇನ್ನೂರ ನಲವತ್ತು ಚುಕ್ಕೆ. ಅದನ್ನು ನಿಮ್ಮ ಜಾಲತಾಣಕ್ಕೇ ಏರಿಸಬೇಕು, ಸಿ.ಡಿ. ಸ್ವೀಕರಿಸುವುದಿಲ್ಲ. ಎಪ್ಪತ್ತೆಂಟು ವರ್ಷದ ಹೆಂಗಸು ಎಷ್ಟು ಚುಕ್ಕೆಯಲ್ಲಿ ಹಿಡಿಸುತ್ತಾಳೆಂದು ಲೆಕ್ಕ ಹಾಕಿದ ಪುಣ್ಯಾತ್ಮರು ಯಾರು? ಮುಳಬಾಗಿಲಿನಲ್ಲಿ ಆದಿಲಕ್ಷ್ಮಿ ಎಂಬುವವರ ಸೈಬರ್ ಸೆಂಟರಿನಲ್ಲಿ, ವಿಡಿಯೊದ ಅಳತೆಯನ್ನು ಇಂಟರ್ನೆಟ್ಟಿನಲ್ಲೇ ಬದಲಿಸಿಕೊಡುವ ತಾಣವೊಂದನ್ನು ಹುಡುಕಿದೆವು. ಐದು ನಿಮಿಷದ ಹಾಡು ಅಲ್ಲಿಗೆ ಹೋಗಿ ಬರಲು ಮೂರು ಗಂಟೆ. ಅಗಲವೆಲ್ಲ ಉಳಿಯುವಂತೆ ಕುಗ್ಗಿಸಿದಾಗ ಮೇಲೂ ಕೆಳಗೂ ಕಪ್ಪು ಪಟ್ಟಿ ಬಂತು. ಅದನ್ನೇ ಜೂನ್‌ನಲ್ಲಿ ಕಳುಹಿಸಿದೆ. ‘ಕಪ್ಪು ಅಂಚು ಇರಕೂಡದು’ ಎಂದು ಆಗಸ್ಟ್‌ನಲ್ಲಿ ವಾಪಸು ಮಾಡಿದಿರಿ. ಅದರಲ್ಲಿ ಅಜ್ಜಿ ಕಾಣುತ್ತಿದ್ದರಲ್ಲ? ಅಂಚನ್ನು ನೋಡಿದ ಕಣ್ಣು ಅಜ್ಜಿಯನ್ನು ಯಾಕೆ ನೋಡಲಿಲ್ಲ?

ಮತ್ತೆ ಜೋಲಾರಪೇಟೆಯಿಂದ, ಅಂದರೆ ಗಂಡನ ಮನೆಯಿಂದ, ಮುಳಬಾಗಿಲಿಗೆ ಬಂದೆ. ಅಕ್ಕಪಕ್ಕ ಒತ್ತಿ ನೋಡಿದರೆ ಎಲ್ಲರೂ ನುಗ್ಗೆಕಾಯಿಯಾದರು. ನನ್ನ ಗಂಡ ಆರೂವರೆ ಅಡಿ ಎತ್ತರ ಕಂಡದ್ದಕ್ಕೆ ನಾನೂ ಆದಿಲಕ್ಷ್ಮಿಯವರೂ ಬಿದ್ದು ಬಿದ್ದು ನಕ್ಕೆವು. ಉಳಿದದ್ದು ಒಂದೇ ದಾರಿ: ಎಡಬಲ ಕತ್ತರಿಸುವುದು. “ಎರಡು ಕಡೆನೂ ಎಂಟರಲ್ಲಿ ಒಂದು ಪಾಲು ಹೋಗುತ್ತೆ ಕಣೇ. ಸರಿಯಾಗಿ ನೋಡ್ಕೋ,” ಎಂದರು ಆದಿಲಕ್ಷ್ಮಿ. ಕತ್ತರಿಸಿದ ವಿಡಿಯೊ ಬಂದಾಗ ಕರೆಂಟು ಹೋಗುವ ಹೊತ್ತು. ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಹಾಡು ಶುರುವಾಗುತ್ತಿದ್ದಂತೆ ನನಗೆ ಅಳು ಬಂತು. ಕಣ್ಣು ಮುಚ್ಚಿಕೊಂಡೇ ಕೊನೆಯವರೆಗೂ ಕೇಳಿದೆ. ಒಂದು ಅಕ್ಷರವೂ ಹೋಗಿರಲಿಲ್ಲ. ಸರಿ ಇದೆ ಅಕ್ಕಾ, ಕಳಿಸಿಬಿಡಿ ಎಂದೆ.

ಹಾಡು ಪೂರ್ತಿಯಾಗಿತ್ತು, ಮಾನ್ಯರೇ. ಹಾಡುತ್ತಿದ್ದವರು ಇರಲಿಲ್ಲ. ಕಂಬವನ್ನೂ ಅಜ್ಜಿಯನ್ನೂ ನನ್ನ ಕೈಯಾರೆ ಕತ್ತರಿಸಿ ಕಳುಹಿಸಿದ್ದೆ. ಅಜ್ಜಿ ಅಂಚಿಗೆ ಸರಿದದ್ದು ನಮ್ಮ ಊರಿನ ಪದ್ಧತಿ. ಅಂಚಿನಿಂದಲೂ ಆಚೆಗೆ ತಳ್ಳಿದ್ದು ನಾನು. ಇದನ್ನು ಬರೆಯುವಾಗ ನಿಮ್ಮ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗುತ್ತಿಲ್ಲ.

ಅಕ್ಟೋಬರ್‌ನಲ್ಲಿ ನಿಮ್ಮ ಉತ್ತರ ಬಂತು: ‘ಗಾಯಕಿ ಕಾಣುವುದಿಲ್ಲ, ಹೊಸದಾಗಿ ಚಿತ್ರೀಕರಿಸಿ ಕಳುಹಿಸುವುದು.’ ಅಷ್ಟರಲ್ಲಿ ಅಜ್ಜಿಗೆ ಲಕ್ವ ಹೊಡೆದು ತಿಂಗಳಾಗಿತ್ತು. ಬಲಗೈ ಹೋಯಿತು, ಮಾತು ಹೋಯಿತು. ಕಚೇರಿಗೆ ಫೋನ್ ಮಾಡಿ ಹೀಗಾಗಿದೆ ಎಂದು ವಿವರಿಸಿದೆ. ನಿಮ್ಮ ಸಿಬ್ಬಂದಿಯೊಬ್ಬರು ಸಾವಧಾನವಾಗಿ ಕೇಳಿಸಿಕೊಂಡರು. ನಿಜವಾಗಿಯೂ ಒಳ್ಳೆಯವರು. “ಹಾಗಾದ್ರೆ ಅದೇ ಹಾಡನ್ನ ಬೇರೆ ಯಾರಾದ್ರೂ ಹೇಳ್ಲಿ ಬಿಡಿ ಮೇಡಂ. ನಮಗೆ ಹಾಡು ಬಂದ್ರಾಯ್ತು,” ಎಂದರು.

ಬೇರೆ ಯಾರಾದರೂ ಹೇಳುವುದು ಕಷ್ಟವೇನಲ್ಲ. ಇಷ್ಟು ವರ್ಷ ಹೇಳುತ್ತಲೇ ಬಂದಿದ್ದಾರೆ. ಆದರೆ ಒಬ್ಬ ಹೆಂಗಸು ಇದ್ದಳೆಂದು ನಂಬಲು ಸರ್ಕಾರಕ್ಕೆ ಎಷ್ಟು ಚುಕ್ಕೆ ಬೇಕು? ಅಜ್ಜಿಯ ಹಾಡು ಕೇಳಿದ ನಂಗಲಿಯ ಹೆಂಗಸರೆಲ್ಲ ಸಾಕ್ಷಿ ಹೇಳಲು ಸಿದ್ಧರಿರುವಾಗ ‘ತಿಳಿದಿಲ್ಲ’ ಎಂದರೆ ಯಾರಿಗೆ ತಿಳಿದಿಲ್ಲ? ದೀಪಾವಳಿಗೆ ಹೋದಾಗ ಅಜ್ಜಿಗೆ ಮದುವೆಯ ಮೂಲ ಡಿ.ವಿ.ಡಿ. ಹಾಕಿ ತೋರಿಸಿದೆ. ತಮ್ಮ ದನಿ ಕೇಳಿ ಎಡಗೈಯಿಂದ ಮಂಚದ ಮೇಲೆ ತಾಳ ತಟ್ಟಿದರು. ನಡುವೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಬರೆದಿದ್ದಾರೆ ಅಜ್ಜಿ ಎಂದು ಸುಳ್ಳು ಹೇಳಿದೆ.

ಆ ಸುಳ್ಳನ್ನು ನಿಜ ಮಾಡುವುದು ಈಗ ನಿಮ್ಮ ಕೈಯಲ್ಲಿದೆ. ದಾಖಲೆ ಈ ಡಿಸೆಂಬರ್ ಕೊನೆಗೆ ಮುಗಿಯುತ್ತದೆಂದು ನೀವೇ ಪ್ರಕಟಿಸಿದ್ದೀರಿ. ಅಷ್ಟರೊಳಗೆ ಮೂಲ ಡಿ.ವಿ.ಡಿ.ಯನ್ನು ನಿಮ್ಮ ಕಣ್ಣಿನಿಂದ ನೋಡಿ. ನಮ್ಮ ಹಾಡಿನ ಎದುರು ‘ಅಕ್ಕಯಮ್ಮ, ನಂಗಲಿ’ ಎಂದು ಬರೆಯಿರಿ. ಅಜ್ಜಿ ಇರುವಾಗಲೇ ಬರೆಯಿರಿ. ಅಂಚೆಯನ್ನೂ ಇಂಟರ್ನೆಟ್ಟನ್ನೂ ನಂಬಿ ಸಾಕಾಗಿದೆ, ಡಿ.ವಿ.ಡಿ.ಯನ್ನು ನಾನೇ ತರುತ್ತೇನೆ. ಡಿಸೆಂಬರ್ ಏಳು, ಸೋಮವಾರ. ಜೋಲಾರಪೇಟೆಯಿಂದ ಬೆಳಗಿನ ಬೆಂಗಳೂರು ಪ್ಯಾಸೆಂಜರ್ ಹತ್ತಿ ಬಂಗಾರಪೇಟೆಯಲ್ಲಿ ಇಳಿಯುತ್ತೇನೆ, ಅಲ್ಲಿಂದ ಕೋಲಾರಕ್ಕೆ ರೈಲುಬಸ್ಸು.

ಇಂತಿ,
ನೋಡದೆ ಕತ್ತರಿಸಿದ ಮೊಮ್ಮಗಳು,
ಅನಿತ ಚಂದ್ರಮೋಹನ್