ಎಲೆ ಉಳಿಸಿಕೊಂಡು ಜನರನ್ನು ಕತ್ತರಿಸಿದರು

ನನಗೆ ಅಣ್ಣನೂ ಗುರುವೂ ಆಗಿದ್ದ ಸೆಲ್ವಣ್ಣನಿಗೆ,

ನೀವು ಹೋದ ದಿನ ಜನ್ನಾಪುರದ ನಿಮ್ಮ ಮನೆ ಮುಂದೆ ನಿಂತು ನಾನು ಅಳಲಿಲ್ಲ. ಎಲ್ಲರೂ ನೋಡಿದ್ರು. "ಮೆಕ್ಯಾನಿಕ್ ಬಾಷಾನ ಮಗಳು ಶಬಾನಾ ಅಲ್ವಾ, ಇವರ ಹತ್ರಾನೇ ಬ್ರಷ್ ಹಿಡಿಯೋದು ಕಲಿತಳು, ಒಂದು ಹನಿ ಕಣ್ಣೀರಿಲ್ಲ ನೋಡು" ಅಂತ ಯಾರೋ ಅಂದದ್ದು ಕೇಳಿಸ್ತು. ನಿಜ, ಅಳು ಬರಲಿಲ್ಲ. ಬಂದದ್ದು ಸಿಟ್ಟು. ಬೆಳಿಗ್ಗೆ ಎದೆ ಹಿಡ್ಕೊಂಡು ಕೂತ್ರಂತೆ. ಕಟ್ಟಿಕೊಂಡ ಹೆಂಡತಿ ಪುಷ್ಪಕ್ಕ ಆಟೋ ಕರೀತೀನಿ ಅಂದ್ರೆ "ಬರೀ ಗ್ಯಾಸು, ಸೋಡಾ ಕುಡಿದ್ರೆ ಹೋಗುತ್ತೆ" ಅಂದ್ರಂತೆ. ಭದ್ರಾವತಿಯ ಅರ್ಧ ಆಸ್ಪತ್ರೆಗಳ ಬೋರ್ಡು ಬರೆದವರು ನೀವು. ಹೆಸರು ಬರೆದ ಬಾಗಿಲ ಒಳಗೆ ಕಾಲಿಡೋಕೆ ಯಾಕೆ ಹೆದರಿದ್ರಿ ಸೆಲ್ವಣ್ಣ? ಕಾಯಿಲೆಗಾ, ಬಿಲ್ಲಿಗಾ? ಉತ್ತರ ನನಗೆ ಗೊತ್ತು. ಅದಕ್ಕೇ ಸಿಟ್ಟು.

ಆ ಸಿಟ್ಟು ಇಳಿದಿರಲಿಲ್ಲ, ಅದರ ಮೇಲೆ ಇನ್ನೊಂದು ಬಂದು ಕೂತಿದೆ. ನಿಮಗಲ್ಲದೆ ಯಾರಿಗೆ ಹೇಳ್ಲಿ? ಅಬ್ಬಾನ ಮುಂದೆ ಶುರು ಮಾಡಿದ್ರೆ "ಜಾನೇ ದೇ ಬೇಟಾ" ಅಂತಾರೆ. ಬಿಟ್ಟುಬಿಡು, ಬಿಟ್ಟುಬಿಡು ಅಂತ ಕೇಳೀ ಕೇಳೀ ನನಗೆ...

ಫೌಂಡ್ರಿ ಗೇಟಿನ ಮುಂದೆ ಗುತ್ತಿಗೆ ಕೆಲಸದವರು ಧರಣಿ ಕೂತಿದ್ದ ದಿನಗಳು ನೆನಪಿದೆಯಾ? ನೀವು ಹೋಗಿದ್ದು ಬ್ಯಾನರ್ ಬರೆಯೋಕೆ. 'ಸಮಾನ ಕೆಲಸಕ್ಕೆ ಸಮಾನ ವೇತನ' ಅಂತ ಬಟ್ಟೆ ಮೇಲೆ ನೀಲಿಯಲ್ಲಿ ಬರೆದು ವಾಪಸ್ ಬರೋದು, ಅಷ್ಟೇ ಇತ್ತು. ನಾನು ಬಣ್ಣದ ಡಬ್ಬ ಹಿಡ್ಕೊಂಡು ಜೊತೆಗೆ ಬಂದಿದ್ದೆ. ಮಧ್ಯಾಹ್ನ ಶಾಮಿಯಾನದ ಕೆಳಗೆ ಚಿತ್ರಾನ್ನ ಹಂಚ್ತಾ ಲಕ್ಷ್ಮಕ್ಕ ಹೇಳಿದ್ಲಲ್ಲ, ಆ ಅಚ್ಚಿನ ಮರಳು ಹೊರೋ ಲಕ್ಷ್ಮಕ್ಕ: "ಅಣ್ಣಾ, ಬೆಂಕಿ ಮುಂದೆ ನಿಲ್ಲೋವಾಗ ಎಲ್ಲರೂ ಒಂದೇ. ಊಟದ ಗಂಟೆ ಹೊಡೆದ ಮೇಲೆ ಬೇರೆ ಬೇರೆ. ಕಾಯಂ ಆದವರು, ಆಫೀಸಿನವರು ಕ್ಯಾಂಟೀನ್ ಒಳಗೆ. ನಾವು ಶೆಡ್ಡಿನ ಹಿಂದೆ. ಅವರಿಗೆ ಬಡಿಸಿ ತಳದಲ್ಲಿ ಉಳಿದ್ರೆ ನಮಗೆ ಸಾರು." ನೀವು ಬಾಯಿಗೆ ಹಾಕೋ ತುತ್ತು ಕೈಯಲ್ಲೇ ಹಿಡ್ಕೊಂಡು ಕೂತ್ರಿ. ಆಮೇಲೆ ಎದುರಿನ ಉದ್ದ ಕಾಂಪೌಂಡ್ ಗೋಡೆ ತೋರಿಸಿ "ಅಮ್ಮಾ ಶಬಾನಾ, ಅಷ್ಟುದ್ದ ಒಂದೇ ಬಾಳೆ ಎಲೆ ಬರೆದ್ರೆ ಹೇಗಿರುತ್ತೆ?" ಅಂದ್ರಿ. ನಿಮಗೆ ತಲೆ ಕೆಟ್ಟಿದೆ ಅಂದುಕೊಂಡೆ.

ಬರೆದೇಬಿಟ್ರಿ. ಗೋಡೆಯ ಈ ಕೊನೆಯಿಂದ ಆ ಕೊನೆಗೆ ಒಂದೇ ಎಲೆ. ಈ ಕಡೆ ಒಬ್ಬನೇ ಕೂತಿದ್ದಾನೆ. ಅವನ ಮುಂದೆ ಹೋಳಿಗೆ, ಪಾಯಸ, ಹಪ್ಪಳ, ಕೋಸಂಬರಿ, ಬೆಟ್ಟದಷ್ಟು ಅನ್ನ, ಮೇಲೆ ತುಪ್ಪ. ಎಲೆ ಹೋಗ್ತಾ ಹೋಗ್ತಾ ಖಾಲಿ, ಬರೀ ಹಸಿರು. ಆ ಕಡೆ ತುದಿಯಲ್ಲಿ ಒಂದು ಚಿಟಿಕೆ ಉಪ್ಪು. ಆ ಉಪ್ಪಿನ ಸುತ್ತ ಅಷ್ಟೂ ಜನ, ಭುಜಕ್ಕೆ ಭುಜ ತಾಗಿಸಿಕೊಂಡು, ಮಕ್ಕಳನ್ನ ತೊಡೆ ಮೇಲೆ ಕೂರಿಸಿಕೊಂಡು. ಸುಮ್ಮನೆ ಊಹಿಸಿ ಬರೆದ ಮುಖಗಳಲ್ಲ. ಧರಣಿ ಕೂತವರನ್ನ ಒಬ್ಬೊಬ್ಬರನ್ನೇ ಕರೆದು ಗೋಡೆ ಮುಂದೆ ಕೂರಿಸಿ ಬರೆದ್ರಿ. ಲಕ್ಷ್ಮಕ್ಕ ಸೆರಗು ಸರಿ ಮಾಡಿಕೊಂಡದ್ದನ್ನೂ ಬಿಡಲಿಲ್ಲ. "ಆ ಒಬ್ಬನಿಗೆ ಕೋರೆಹಲ್ಲು ಹಾಕಣ್ಣ" ಅಂತ ಎಲ್ಲರೂ ಕೂಗಿದ್ರೆ ನೀವು ತಲೆ ಅಲ್ಲಾಡಿಸಿದ್ರಿ. "ಅವನು ರಾಕ್ಷಸ ಅಲ್ಲ ಕಣ್ರಪ್ಪ. ತಲೆ ಎತ್ತಿ ಆ ಕಡೆ ನೋಡಲ್ಲ, ಅಷ್ಟೇ." ಚೆನ್ನಾಗಿ ಬಾಚಿದ ತಲೆ, ಮಡಿಲಲ್ಲಿ ಕರ್ಚೀಫು, ದೃಷ್ಟಿ ಅನ್ನದ ಮೇಲೆ. ಕೋರೆಹಲ್ಲಿಗಿಂತ ಅದೇ ಜಾಸ್ತಿ ಚುಚ್ಚಿತು. ಬಸ್ಸಿನಲ್ಲಿ ಹೋಗೋರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡ್ತಿದ್ರು. ಕುಂಸಿಯಿಂದ ಒಬ್ಬ ಮೇಷ್ಟ್ರು ಮಕ್ಕಳನ್ನ ಕರ್ಕೊಂಡು ಬಂದು "ಇದಕ್ಕೆ ಪಂಕ್ತಿಭೇದ ಅಂತಾರೆ" ಅಂತ ಪಾಠ ಮಾಡಿ ಹೋದ್ರು.

ಧರಣಿ ಏನಾಯ್ತು ಅಂತ ನೀವೇ ನೋಡಿದ್ರಲ್ಲ. ಕೆಲವರನ್ನ ಒಳಗೆ ತಗೊಂಡ್ರು, ಬಾಯಿ ಜೋರಿದ್ದವರಿಗೆ ಗೇಟ್ ಹಾಕಿದ್ರು. ಲಕ್ಷ್ಮಕ್ಕ ಈಗ ಮನೆ ಮನೆ ಪಾತ್ರೆ ತೊಳೀತಾಳೆ. ನೀವು ನೋಡದೇ ಇದ್ದದ್ದು ಅದರ ಮುಂದಿನದು. ನೀವು ಹೋದ ಮೇಲೆ, ಮಳೆ ನಿಂತ ತಕ್ಷಣ, ಕಂಪನಿಯವರು ಆ ಗೋಡೆಗೆ ಸುಣ್ಣ ಹೊಡೆಸಿದ್ರು. ಅದರ ಮೇಲೆ ನವಿಲು, ಗುಲಾಬಿ, 'ಪರಿಸರ ಉಳಿಸಿ'. ಪರಿಸರವಂತೆ! ಸೂತಕದ ಮನೆಯಲ್ಲಿ ರಂಗೋಲಿ ಹಾಕಿದ ಹಾಗಿತ್ತು. ಬಸ್ಸಿನಿಂದ ನೋಡಿದೆ. ಆ ನವಿಲಿಗೆ ಸರಿಯಾಗಿ ಕಾಲು ಕೂಡ ಬರೆದಿರಲಿಲ್ಲ ಸೆಲ್ವಣ್ಣ.

ಈಗ ನಿಜವಾದ ವಿಷಯ. ಶಿವಮೊಗ್ಗದಲ್ಲಿ ನಾನು ಡಿಸೈನ್ ಮಾಡ್ತಿದ್ದ ಫ್ಲೆಕ್ಸ್ ಅಂಗಡಿ ಗೊತ್ತಲ್ಲ, ದುರ್ಗಿಗುಡಿ ಹತ್ರ, ಮಂಜಣ್ಣಂದು. "ಹೊಟ್ಟೆಗೆ ಕಂಪ್ಯೂಟರ್ ಕಲಿ, ಬ್ರಷ್ಷು ಕೈಯಲ್ಲೇ ಇರುತ್ತೆ" ಅಂತ ನೀವೇ ಕಳಿಸಿದ್ರಿ. ಒಂದು ಬೆಳಿಗ್ಗೆ ಮಂಜಣ್ಣ ಪೆನ್ ಡ್ರೈವ್ ಕೊಟ್ಟು "ಶಬಾನಾ, ದೊಡ್ಡ ಪಾರ್ಟಿ. ಹೊಸ ಹೋಟೆಲ್ಲು. ಊಟದ ಹಾಲಿಗೆ ಗೋಡೆ ತುಂಬ ವಾಲ್‌ಪೇಪರ್. ಬಣ್ಣ ಸ್ವಲ್ಪ ಎತ್ತು, ಹಸಿರು ಪಳಪಳ ಅನ್ನಬೇಕು" ಅಂದ್ರು. ಫೈಲ್ ತೆರೆದೆ. ಸೆಲ್ವಣ್ಣ... ನಿಮ್ಮ ಎಲೆ. ಹೋಳಿಗೆಯ ಅಂಚು ನೀವು ಸುಟ್ಟ ಕಂದು ಬಣ್ಣದಲ್ಲಿ ಎಳೀತಿದ್ರಲ್ಲ, ಆ ಎಳೆತ ನನಗೆ ಗೊತ್ತಾಗಲ್ವಾ? ಧರಣಿ ಟೈಮಲ್ಲಿ ಯಾರೋ ವಾಟ್ಸಾಪಲ್ಲಿ ಹಾಕಿದ್ದ ಫೋಟೋನ ಹೋಟೆಲ್ಲಿನವರು ಎತ್ತಿಕೊಂಡಿದ್ರು. ಹೋಳಿಗೆ ಇತ್ತು, ಪಾಯಸ ಇತ್ತು, ತುಪ್ಪ ಇತ್ತು. ತಲೆ ಎತ್ತದ ಆ ಮನುಷ್ಯನನ್ನ ಅಳಿಸಿದ್ರು. ಎಲೆಯ ನಡುವೆ ಗೆರೆ ಹೊಡೆದು ಕತ್ತರಿಸಿದ್ರು. ಆ ತುದಿ ಇಲ್ಲ. ಉಪ್ಪು ಇಲ್ಲ. ಲಕ್ಷ್ಮಕ್ಕ ಇಲ್ಲ. ಮೇಲೆ ಚಂದದ ಅಕ್ಷರದಲ್ಲಿ 'ನಮ್ಮ ಮಣ್ಣಿನ ರುಚಿ'.

ಫೈಲ್ ಮುಚ್ಚಿದೆ. "ಮಂಜಣ್ಣ, ಇದನ್ನ ನಾನು ಮಾಡಲ್ಲ" ಅಂದೆ. ಅವರು ಮೊದಲು ನಕ್ಕರು. ಪೂರ್ತಿ ಕಥೆ ಹೇಳಿದ ಮೇಲೆ ನಗು ನಿಲ್ತು. "ನೋಡು ಮಾರಾಯ್ತಿ, ಸೆಲ್ವಣ್ಣನ ಮೇಲೆ ನನಗೂ ಗೌರವ ಇದೆ. ಆದ್ರೆ ಹೋಟೆಲ್ಲಿನವರು ಮುಂದಿನ ಎಲ್ಲ ಕೆಲಸ ನಮಗೇ ಕೊಡ್ತಾರೆ. ನಾವು ಬಿಟ್ರೆ ಪಕ್ಕದ ಅಂಗಡಿಯವನು ಮಾಡ್ತಾನೆ. ನೀನು ತಡೆದ ಹಾಗೇನೂ ಆಗಲ್ಲ." ಅದೂ ನಿಜ. ಈ ಊರಿನ ಎಲ್ಲ ಕೆಟ್ಟ ಕೆಲಸಗಳೂ 'ಪಕ್ಕದ ಅಂಗಡಿಯವನು ಮಾಡ್ತಾನೆ' ಅನ್ನೋ ಒಂದೇ ಮಾತಿನ ಮೇಲೆ ನಡೀತಿವೆ ಅಲ್ವಾ? ಬ್ಯಾಗ್ ತಗೊಂಡು ಎದ್ದೆ. ಮಂಜಣ್ಣ ತಡೀಲಿಲ್ಲ. ಮುಖ ನೋಡಲೂ ಇಲ್ಲ.

ನೇರ ಆ ಹೋಟೆಲ್ಲಿಗೆ ಹೋದೆ. ಇನ್ನೂ ಗಾಜಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಕಿತ್ತಿರಲಿಲ್ಲ. ಮ್ಯಾನೇಜರು ಒಳ್ಳೇ ಮಾತಿನವನು, ಕೂರಿಸಿ ಕಾಫಿ ತರಿಸಿದ. "ಗೋಡೆ ಮೇಲೆ ಬರೆದದ್ದು ಎಲ್ಲರದ್ದೂ ಅಲ್ವಾ ಮೇಡಂ? ಹೆಸರೂ ಹಾಕಿರಲಿಲ್ಲ." ಹೆಸರಿನ ಪ್ರಶ್ನೆ ಅಲ್ಲ, ಅರ್ಧ ಚಿತ್ರ ಹಾಕ್ತಿದ್ದೀರಿ, ಆ ಜನರನ್ನ ಯಾಕೆ ತೆಗೆದ್ರಿ ಅಂತ ಕೇಳಿದೆ. ಅವನಿಗೆ ನಿಜವಾಗಲೂ ಆಶ್ಚರ್ಯ ಆಯ್ತು. "ಅಯ್ಯೋ, ಊಟ ಮಾಡೋವಾಗ ಹಸಿದವರ ಮುಖ ಯಾರು ನೋಡ್ತಾರೆ ಮೇಡಂ?" ಕಾಫಿ ಲೋಟ ಅವನ ಮೇಜಿನ ಮೇಲೆ ಬೋರಲು ಹಾಕಿ ಎದ್ದು ಬಂದೆ. ಹೌದು, ಚೆಲ್ಲಿದೆ. ನೀವಾಗಿದ್ರೆ ನಕ್ಕು ಕೈಮುಗಿದು ಬರ್ತಿದ್ರಿ. ನಿಮ್ಮ ಆ ನಗು, ಎಲ್ಲದಕ್ಕೂ ನಗೋ ಆ ನಗು, ಅದರ ಮೇಲೂ ನನಗೆ ಸಿಟ್ಟಿದೆ ಸೆಲ್ವಣ್ಣ. ಅದರಿಂದ ಯಾರಿಗೆ ಏನು ಸಿಕ್ತು?

ಪುಷ್ಪಕ್ಕನಿಗೆ ಹೇಳಿದಾಗ ಅವರು ಅಕ್ಕಿ ಆರಿಸ್ತಿದ್ರು. ಮೊರ ಕೆಳಗಿಟ್ರು, ತಮಿಳಲ್ಲಿ ನಾಲ್ಕು ಮಾತು ಬೈದ್ರು, ನಾನಿಲ್ಲಿ ಬರೆಯಲ್ಲ. ಆಮೇಲೆ ಒಳಗೆ ಹೋಗಿ ನಿಮ್ಮ ಬಣ್ಣದ ಡಬ್ಬಗಳನ್ನ ಎಳೆದು ತಂದ್ರು. "ಅವರು ಊಟದ ಅರ್ಧ ಇಟ್ಕೊಂಡ್ರಲ್ಲ. ಜನ ಇರೋ ಅರ್ಧ ನೀನು ಬರಿ." ಲಕ್ಷ್ಮಕ್ಕ ಕೋರಾ ಬಟ್ಟೆ ಹೊಲಿಸಿಕೊಂಡು ಬಂದ್ಲು. ಸಮುದಾಯ ಭವನದ ಅಂಗಳದಲ್ಲಿ ಬಟ್ಟೆ ಹರಡಿ, ಗಾಳಿಗೆ ಹಾರದ ಹಾಗೆ ನಾಲ್ಕೂ ಮೂಲೆಗೆ ಇಟ್ಟಿಗೆ ಇಟ್ಟು ಶುರು ಮಾಡಿದೆ. ಗೋಡೆ ಮುಗಿದ ದಿನ ನಾನು ತೆಗೆದ ಫೋಟೋ ಫೋನಲ್ಲಿತ್ತು, ಆದ್ರೆ ಅದನ್ನ ನೋಡಿ ಬರೀಲಿಲ್ಲ. ಅವರೇ ಬಂದು ಎದುರಿಗೆ ಕೂತ್ರು, ಬದುಕಿರೋರು. ಲಕ್ಷ್ಮಕ್ಕನ ಕೆನ್ನೆ ಒಳಗೆ ಹೋಗಿದೆ ಈಗ. "ಹಂಗೇ ಬರಿ, ಚಂದ ಮಾಡಬೇಡ" ಅಂದ್ಲು. ಬೆರಳು ಮೊದಮೊದಲು ಮಾತು ಕೇಳಲಿಲ್ಲ. ನಿಮ್ಮ ಹಸಿರು ಬರಲೇ ಇಲ್ಲ. ಹಳದಿಗೆ ಎಷ್ಟು ನೀಲಿ ಹಾಕ್ತಿದ್ರಿ, ಹೇಳದೇ ಹೋದ್ರಲ್ಲ! ಕೊನೆಗೆ ಪುಷ್ಪಕ್ಕ ಹಿತ್ತಲಿನಿಂದ ನಿಜವಾದ ಬಾಳೆ ಎಲೆ ಕೊಯ್ದು ತಂದು ಪಕ್ಕದಲ್ಲಿಟ್ರು.

ಹೋಟೆಲ್ ಶುರುವಾದ ದಿನ ಬೆಳಿಗ್ಗೆ ಬಟ್ಟೆ ಸುತ್ತಿಕೊಂಡು ಎಲ್ಲರೂ ಬಸ್ಸು ಹತ್ತಿದ್ವಿ. ಪಕ್ಕದ ಅಂಗಡಿಯವನು ಕೆಲಸ ಮಾಡಿಕೊಟ್ಟಿದ್ದ. ಗಾಜಿನ ಗೋಡೆಯ ಆಚೆ ನಿಮ್ಮ ಎಲೆ ಪಳಪಳ ಅಂತಿತ್ತು, ಕತ್ತರಿಸಿದ ಅಂಚು ರಸ್ತೆ ಕಡೆಗೆ. ಆ ಅಂಚಿಗೆ ಸರಿಯಾಗಿ ಫುಟ್‌ಪಾತ್ ಮೇಲೆ ನಾವು ಬಟ್ಟೆ ಬಿಚ್ಚಿ ಹಿಡಿದ್ವಿ. ಒಳಗಿನ ಎಲೆ ಹೊರಗೆ ಬಂತು. ಪುಷ್ಪಕ್ಕನೂ ಲಕ್ಷ್ಮಕ್ಕನೂ ಎರಡು ಕಡೆ ಹಿಡಿದಿದ್ರು, ಉಳಿದವರು ಅದರ ಮುಂದೆ ಪಂಕ್ತಿಯಲ್ಲಿ ಕೂತ್ರು, ಊಟಕ್ಕೆ ಕೂತ ಹಾಗೆ. ಯಾರೂ ಘೋಷಣೆ ಕೂಗಲಿಲ್ಲ. ಕಾರಿನಿಂದ ಇಳಿದವರು ಒಳಗೆ ನೋಡ್ತಾರೆ, ಹೊರಗೆ ನೋಡ್ತಾರೆ, ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ಪೊಲೀಸಿನವರು ಬಂದ್ರು. "ಪರ್ಮಿಶನ್ ಇದೆಯೇನಮ್ಮಾ? ಇಲ್ಲಿ ಏನು ಕೆಲಸ ನಿಮಗೆ?" ಲಕ್ಷ್ಮಕ್ಕ ಬಟ್ಟೆ ಬಿಡದೆ ಹೇಳಿದ್ಲು: "ಊಟಕ್ಕೆ ಬಂದಿದ್ದೀವಿ ಸಾರ್. ನಮ್ಮ ಎಲೆ ಒಳಗಡೆ ಹಾಕಿದ್ದಾರೆ."

ಒಳಗಿನವರು ಪರದೆ ಎಳೆದುಬಿಟ್ರು. ನಮ್ಮನ್ನ ಠಾಣೆಗೆ ಕರ್ಕೊಂಡು ಹೋಗಿ ಸಂಜೆವರೆಗೆ ಕೂರಿಸಿದ್ರು. ಮಾರನೇ ದಿನ ಪೇಪರಿನ ಮೂಲೆಯಲ್ಲಿ ಬಂದದ್ದು 'ಸಂಚಾರಕ್ಕೆ ಅಡ್ಡಿ' ಅಂತ. ನಿಮ್ಮ ಎಲೆ ಬಗ್ಗೆ ಒಂದಕ್ಷರ ಇಲ್ಲ. ಬಟ್ಟೆ ವಾಪಸ್ ಕೊಡಲಿಲ್ಲ, ಇನ್ನೂ ಠಾಣೆಯಲ್ಲೇ ಬಿದ್ದಿದೆ. ಒಳಗಿನ ಎಲೆ ಮಾತ್ರ ಗೋಡೆ ಮೇಲೆ ಹಾಗೇ ಇದೆ, ಅದರ ಮುಂದೆ ಕೂತು ಜನ ತಿಂತಿದ್ದಾರೆ. ಮನೆಯಲ್ಲಿ ಅಬ್ಬಾ ಸುಮ್ಮನೆ ಒಂದು ಮಾತು ಕೇಳಿದ್ರು, "ಕೆಲಸವೂ ಹೋಯ್ತು, ಬಟ್ಟೆಯೂ ಹೋಯ್ತು. ಏನು ಸಿಕ್ತು ಬೇಟಾ?" ನಾನು ನಿಮ್ಮನ್ನ ಕೇಳಿದ ಅದೇ ಪ್ರಶ್ನೆ.

ಆಮೇಲೆ ಒಂದು ಮಧ್ಯಾಹ್ನ, ನಾನೂ ಲಕ್ಷ್ಮಕ್ಕನೂ ನಿಮ್ಮ ಮನೆಯಲ್ಲಿದ್ದಾಗ, ವಿಳಾಸ ಕೇಳ್ಕೊಂಡು ಬಂದ ಇಬ್ಬರು ಹೆಂಗಸರು ಬಾಗಿಲಲ್ಲಿ. ನೋಡಿದ್ರೆ ಆ ಹೋಟೆಲ್ ಅಡುಗೆಮನೆಯವರು. ಒಬ್ಬಳ ಹೆಸರು ಮಂಗಳಾ, ಗಾಜನೂರಿನವಳು, ಪಾತ್ರೆ ತೊಳೆಯೋ ಕೆಲಸ. ನೀರಲ್ಲಿ ನೆನೆದೂ ನೆನೆದೂ ಬೆರಳ ಸಂದಿ ಬಿಳಿಚಿಕೊಂಡಿತ್ತು. ಅವತ್ತು ಪರದೆ ಎಳೆಯೋಕೆ ಹೇಳಿದ್ದು ಇವಳಿಗೇ ಅಂತೆ. "ಎಳೆಯೋ ಮುಂಚೆ ಪೂರ್ತಿ ನೋಡಿಬಿಟ್ಟೆ ಅಕ್ಕಾ" ಅಂದ್ಲು. ಅವರೂ ಗುತ್ತಿಗೆ ಮೇಲೇ ಇರೋರು. ರಜೆ ಕೇಳಿದ್ರೆ ನಾಳೆಯಿಂದ ಬರಬೇಡ. ಊಟಕ್ಕೆ, ಗಿರಾಕಿಗಳು ಬಿಟ್ಟು ಎದ್ದ ಮೇಲೆ ಉಳಿದದ್ದು. "ಆ ಚಿತ್ರದಲ್ಲಿ ನಮ್ಮನ್ನ ಬರೆದಿಲ್ಲ ನೀವು. ಬರೀತೀರಾ?" ಅಂತ ಕೇಳಿದ್ಲು. ಕೇಳಿದ್ದು ಅಂದ್ರೆ ಕೇಳಿದ್ದಲ್ಲ ಸೆಲ್ವಣ್ಣ, ಜಗಳಕ್ಕೆ ಬಂದ ಹಾಗಿತ್ತು. ನೀವು ಸತ್ತಾಗ ಬಾರದ ಅಳು ಆಗ ಬಂತು. ಅವಳು ಗಾಬರಿಯಾಗಿ ಒಳಗಿದ್ದ ಲಕ್ಷ್ಮಕ್ಕನ್ನ ಕರೆದ್ಲು. ಅವತ್ತು ಸಂಜೆವರೆಗೂ ಅವರಿಬ್ಬರೂ ಲಕ್ಷ್ಮಕ್ಕನ ಜೊತೆ ಕೂತು ಮಾತಾಡಿದ್ರು. ಧರಣಿ ಹೇಗೆ ಕೂರೋದು, ಮೊದಲು ಯಾರಿಗೆ ಹೇಳೋದು, ಹೆದರಿಸಿದ್ರೆ ಏನನ್ನೋದು. ನಾನು ಚಹಾ ಮಾಡಿ ಕೊಟ್ಟೆ.

ನಿಮ್ಮ ಮನೆಯಲ್ಲೇ ಕೂತು ಈ ಕಾಗದ ಇಷ್ಟು ಬರೆಯೋ ಹೊತ್ತಿಗೆ ಮಂಗಳಾನ ಫೋನ್ ಬಂತು. ಹಿಂದೆ ಜೋರು ಗಲಾಟೆ, ಅವಳ ಮಾತು ಅರ್ಧ ಕೇಳಿಸ್ತು, ಅರ್ಧ ಇಲ್ಲ. ಇವತ್ತು ಆ ಹೋಟೆಲ್ಲಲ್ಲಿ ಒಲೆ ಹಚ್ಚಿಲ್ಲ. ಅಡುಗೆಯವರು, ಬಡಿಸೋರು, ಪಾತ್ರೆಯವರು, ಗುಡಿಸೋರು ಎಲ್ಲರೂ ಹೊರಗೆ ಬಂದು ಹಿಂದಿನ ಗೇಟಿಗೆ ಅಡ್ಡ ಕೂತಿದ್ದಾರೆ. ಮ್ಯಾನೇಜರು ಕೈಮುಗೀತಿದ್ದಾನಂತೆ. ಗೇಟಿನ ಪಕ್ಕ ಉದ್ದಕ್ಕೆ ಒಂದು ಗೋಡೆ ಇದೆ, ಹೊಸಾದು, ಬಿಳೀದು. ಪುಷ್ಪಕ್ಕ ಆಗಲೇ ಬಣ್ಣದ ಡಬ್ಬ ಚೀಲಕ್ಕೆ ಹಾಕಿ ರಸ್ತೆಗೆ ಇಳಿದಾಯ್ತು, ಶಿವಮೊಗ್ಗ ಬಸ್ಸಿಗೆ ಕೈ ಅಡ್ಡ ಹಾಕಿ ನಿಲ್ಲಿಸಿಕೊಂಡು ನನ್ನ ಹೆಸರು ಹಿಡಿದು ಕೂಗ್ತಿದ್ದಾರೆ.

ಹೋಗ್ತೀನಿ.

ನಿಮ್ಮ ಶಬಾನಾ