ಅಳತೆ ಪುಸ್ತಕದಲ್ಲಿ ನಿನ್ನ ಹೆಸರಿಲ್ಲ

ಮೆಹದಿಪಟ್ಟಣಂ
೩ ಫೆಬ್ರುವರಿ ೨೦೨೪

ಗುರುಬಸವನಿಗೆ ಶಾಂತಪ್ಪನ ಶರಣು. ಈ ಸಲ ಕ್ಷೇಮ ಕೇಳುವುದಿಲ್ಲ.

ಮೂರನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಯಲ್ಲಿ ಪೆನ್ನು ಹಿಡಿಸಿದ್ದೀ. ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕತ್ತರಿ ಹಿಡಿದ ಕೈಗೆ ಬರೆಯುವುದು ಎಷ್ಟು ಬ್ಯಾಸರ ಅಂತ ನಿನಗೇನು ಗೊತ್ತು?

ನಮ್ಮ ಮಗ ಮಹೇಶಕುಮಾರನಿಗೆ ಸ್ನೇಹಲತಾಳನ್ನು ಕೇಳಿದ್ದೆವು. ನಮ್ಮ ಮಂದಿಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಮನೆತನದ ಬಗ್ಗೆ ಗೊತ್ತಿದ್ದ ಒಬ್ಬರನ್ನು ಕೇಳಿಯೇ ಮುಂದೆ ಹೆಜ್ಜೆ ಇಡುತ್ತಾರೆ. ಯಾರನ್ನ ಕೇಳೋಣ್ರಿ ಎಂದು ಅವಳ ತಂದೆ ಕಲ್ಲೇಶಪ್ಪನವರು ಅಂದಾಗ, ನಿನ್ನ ಹೆಸರು ಕೊಟ್ಟವನು ನಾನೇ.

ಅವರು ವಿಚಾರಿಸಲು ನಿನ್ನ ಮನೆಗೆ ಬಂದ ದಿನವೇ, ಹೊಲಿದ ನಿನ್ನ ಕೋಟು ಕೊಡಲು ನಾನೂ ಮಿಯಾಪುರಕ್ಕೆ ಬಂದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನಿನ್ನ ಇಂಗ್ಲಿಷ್ ಕೇಳಿಸಿತು. ನನಗೆ ‘ದ್ಯಾಟ್ ಫೆಲೋ’ ಅಂದೆ, ‘ಟೇಲರ್ ಫೆಲೋ’ ಅಂದೆ. ನಿನ್ನ ತಂಗಿಯ ಮಗ ಸೂರಜನಿಗೆ ‘ನೈಸ್ ಚಾಪ್’ ಅಂದೆ. ಎರಡಕ್ಕೂ ಅರ್ಥ ‘ಮನುಷ್ಯ’ ಅಂತಲೇ ತಿಳಿದೆ ನಾನು. ಒಳಗೆ ಬಂದು ಎಲ್ಲರೆದುರು ನಿನಗೆ ಕೈ ಮುಗಿದು, ಭಾಳ ಛಲೋ ಹೇಳಿದಿ ಬಿಡಪಾ ಎಂದೆ. ಕಲ್ಲೇಶಪ್ಪನವರು ನೆಲ ನೋಡಿದರು. ಚಹಾ ಕುಡಿ ಅಂತ ನೀನಂದೆ. ನಾನು ಕುಡಿದೆ.

ಮನೆಗೆ ಬಂದು ಮಗಳು ಸುವರ್ಣಾಳ ಮುಂದೆ ಜಂಬ ಕೊಚ್ಚಿದೆ. ಅವಳು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಮುಖ ಸಣ್ಣದು ಮಾಡಿಕೊಂಡು ಹೇಳಿದಳು: ಅಪ್ಪಾ, ಚಾಪ್ ಅಂದ್ರ ನಮ್ಮವ ಅಂದಂಗ, ಪ್ರೀತಿ ಇರ್ತೈತಿ. ಫೆಲೋ ಅನ್ನೋದು ಒಮ್ಮೊಮ್ಮೆ ಛಲೋನೇ ಇರ್ತೈತಿ, ಒಮ್ಮೊಮ್ಮೆ ಕೈಯಿಂದ ದೂರ ಸರಿಸಿದಂಗ. ಅನ್ನೋರ ದನಿ ಹೆಂಗಿತ್ತು?

ಬೇಸ್ತವಾರಕ್ಕೊಮ್ಮೆ ನಿನ್ನ ಮನೆಗೆಲಸಕ್ಕೆ ಬರುವ ಬಂಡೆಮ್ಮನನ್ನು ನೀನು ಕರೆಯುವ ದನಿಯೇ ಅದು. ಮಗಳಿಗೆ ಮಾತ್ರ ನೆನಪಿಲ್ಲ ಅಂತ ಸುಳ್ಳು ಹೇಳಿದೆ.

ವಾರ ಕಳೆಯುವುದರೊಳಗೆ ಕಲ್ಲೇಶಪ್ಪನವರು ಬೇಡ ಎಂದರು. ಹೋದ ರವಿವಾರ ಸಿಕಂದರಾಬಾದಿನಲ್ಲಿ ಸ್ನೇಹಲತಾಳ ನಿಶ್ಚಯ ಆಯಿತು. ನಿನ್ನ ಸೂರಜನ ಜೊತೆಗೆ. ನಮ್ಮ ಹುಡುಗ ಅವಳಿಗೆಂದು ತಂದ ಸೀರೆಯನ್ನು ಅಲ್ಮಾರಿಯ ಹಿಂದಕ್ಕೆ ಸರಿಸಿ ಇಟ್ಟ, ಅಷ್ಟೆ.

ನನ್ನ ಗುರುತು ನಿನಗಿರಲಿಲ್ಲವೇನೋ? ಪರೀಕ್ಷೆಗೆ ಓದುವಾಗ ಎರಡು ವರ್ಷ ನನ್ನ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಮಲಗಿದ್ದೀ. ಇದ್ದ ಒಂದೇ ಅಂಗಿಯನ್ನು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿ ನಿನ್ನ ಮೈಮೇಲೆ ಹಾಕಿದವ ಯಾರು? ಆ ಟೇಲರ್ ಫೆಲೋನೇ.

ಶಾಂತಪ್ಪ

ತಾ.ಕ.: ಸೂರಜನ ಮದುವೆ ಕೋಟಿಗೆ ಬಟ್ಟೆ ಕಳಿಸಿದ್ದೀ, ನಾಚಿಕೆಯಿಲ್ಲದವನೇ. ಇನ್ನೂ ಕತ್ತರಿ ಹಾಕಿಲ್ಲ. ಅಳತೆ ಪುಸ್ತಕದಲ್ಲಿ ಎಲ್ಲ ಗಿರಾಕಿಗಳ ಹೆಸರು ಬರೆದಿದ್ದೇನೆ, ನಿನ್ನದೊಂದು ಬಿಟ್ಟು. ಮೂವತ್ತೆಂಟು ವರ್ಷದಿಂದ ನಿನ್ನ ಅಳತೆಯ ಮೇಲೆ ‘ನಮ್ಮವ’ ಅಂತ ಮಾತ್ರ ಇದೆ. ಅದನ್ನು ಹೊಡೆದುಹಾಕಿ ಹೆಸರು ಬರೆಯಲೋ, ಹಾಗೇ ಬಿಡಲೋ? ಇದೇ ತಿಂಗಳ ಹದಿನೈದರೊಳಗೆ ಉತ್ತರ ಬರಬೇಕು.